ಫ್ಲೆಕ್ಸಿನಲ್ಲಿ ಸಿಕ್ಕಿದ ಡಾಕ್ಟರೇಟ್

ನಮ್ಮ ಊರಿನಲ್ಲಿ ಸನ್ಮಾನ ಮಾಡುವುದಕ್ಕೆ ಜನ ಮುಗಿದುಹೋಗಿದ್ದರು. ತಮಾಷೆಗೆ ಹೇಳುತ್ತಿಲ್ಲ. ಕಾಪುವಿನಿಂದ ಕಟಪಾಡಿಯವರೆಗೆ ಸಭೆ ಸಮಾರಂಭಗಳಿಗೆ ಶಾಮಿಯಾನ, ಕುರ್ಚಿ, ವೇದಿಕೆ, ಮೈಕು ಒದಗಿಸುವವನು ನಾನು. ಯಾರಿಗೆ ಶಾಲು ಹೊದಿಸಿದರು, ಯಾರ ತಲೆಗೆ ಪೇಟ ಸಣ್ಣದಾಯಿತು ಎಂಬುದನ್ನೆಲ್ಲ ವೇದಿಕೆಯ ಪಕ್ಕದಲ್ಲಿ ನಿಂತು ನೋಡಿದವನು. ನಮ್ಮ ಯುವಕ ಸಂಘದ ವಾರ್ಷಿಕೋತ್ಸವಕ್ಕೆ ವರ್ಷಕ್ಕೊಬ್ಬರಾದರೂ ಸಾಧಕರು ಬೇಕು. ಮೊದಲು ನಿವೃತ್ತ ಮೇಷ್ಟ್ರುಗಳು ಆದರು. ಆಮೇಲೆ ನಿವೃತ್ತರಾಗದ ಮೇಷ್ಟ್ರುಗಳು. ಮತ್ತೆ ಲೈನ್‌ಮ್ಯಾನ್, ಪೋಸ್ಟ್‌ಮ್ಯಾನ್, ರಜೆಯಲ್ಲಿ ದುಬೈಯಿಂದ ಬಂದು ಸುಮ್ಮನೆ ಕಾರ್ಯಕ್ರಮ ನೋಡುತ್ತ ಕೂತಿದ್ದ ಒಬ್ಬರು. ಕಳೆದ ವರ್ಷ ಯಾರೂ ಸಿಗದೆ ಸಂಘದವರು ತಮ್ಮ ಅಧ್ಯಕ್ಷರಿಗೇ ಸನ್ಮಾನ ಮಾಡಿದರು. ಶಾಲು ಹೊದಿಸಬೇಕಾದವರೂ ಅಧ್ಯಕ್ಷರೇ ಆದ್ದರಿಂದ ವೇದಿಕೆಯಲ್ಲಿ ಸ್ವಲ್ಪ ಗೊಂದಲವಾಯಿತು.

ನನಗೆ ಇದುವರೆಗೆ ಯಾರೂ ಶಾಲು ಹೊದಿಸಿಲ್ಲ. ಬೇಕೆಂಬ ಆಸೆಯೂ ಇಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೇರೆಯವರ ಶಾಮಿಯಾನದ ಕಂಬ ಹೊರುವುದಕ್ಕೆ ಹೋದೆ. ಇವತ್ತು ಕಂಬ, ಬಟ್ಟೆ, ಟೆಂಪೊ ಎಲ್ಲವೂ ನನ್ನದೇ. ಯಾರ ಕೈಯಡಿಯಲ್ಲೂ ಇಲ್ಲ. ಶಾಲು ಹೊದಿಸಿಕೊಂಡವರು ಮನೆಗೆ ಹೋದ ಮೇಲೂ ಕುರ್ಚಿ ಮಡಚುವ ಕೆಲಸ ಇರುತ್ತದೆ. ಅದನ್ನು ನಾನು ಇಂದಿಗೂ ನನ್ನ ಕೈಯಿಂದಲೇ ಮಾಡುತ್ತೇನೆ.

ಎರ್ಮಾಳಿನಲ್ಲಿ ನನ್ನ ತಂಗಿಯ ಮನೆ. ಅವಳ ಗಂಡ ಬೋಟಿಗೆ ಹೋಗುವವರು, ಮಳೆಗಾಲ ಬಿಟ್ಟರೆ ಹೆಚ್ಚಿನ ದಿನ ನೀರಿನ ಮೇಲೆಯೇ. ನಮ್ಮ ಕಡೆ ತಂಗಿಯ ಮಕ್ಕಳ ವಿಷಯದಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು. ಹಾಗಾಗಿ ಅವಳ ಒಬ್ಬಳೇ ಮಗಳ ಶಾಲೆ, ಕಾಲೇಜು, ಹಾಸ್ಟೆಲು ಎಲ್ಲದಕ್ಕೂ ಓಡಾಡಿದವನು ನಾನು. ಹುಡುಗಿ ಗಣಿತದಲ್ಲಿ ಎಂಎಸ್ಸಿ ಮುಗಿಸಿ ಮನೆಗೆ ಬಂದಳು. ಇನ್ನು ಮದುವೆ ಎಂದು ತಂಗಿ ಕಾರ್ಕಳದ ಒಂದು ಸಂಬಂಧದ ಮಾತು ಎತ್ತಿದಳು. ಹುಡುಗಿ ಮಾತ್ರ ದಿನವಿಡೀ ಮೊಬೈಲು ಹಿಡಿದು ಪಿಎಚ್‌ಡಿ ಜಾಹೀರಾತು ಹುಡುಕುತ್ತಿದ್ದಳು.

ಒಮ್ಮೆ ನನಗೂ ಓದಿ ಹೇಳಿದಳು. ಕೇಳಿದರೆ ಥೇಟ್ ಮದುವೆಯ ಜಾಹೀರಾತು. ಒಳ್ಳೆಯ ಅಂಕ ಇರಬೇಕು, ಇಂಗ್ಲಿಷ್ ಬರಬೇಕು, ಕಂಪ್ಯೂಟರೂ ಗಣಿತವೂ ಎರಡೂ ಗೊತ್ತಿರಬೇಕು, ಸ್ವತಂತ್ರವಾಗಿ ಯೋಚಿಸುವ ಸ್ವಭಾವ ಇರಬೇಕು, ಆದರೆ ಗೈಡ್ ಹೇಳಿದ್ದನ್ನು ಕೇಳಬೇಕು. ಗೈಡ್ ಎಂದರೆ ಸಂಶೋಧನೆ ಮಾಡಿಸುವ ಪ್ರೊಫೆಸರು. ಕೊನೆಯಲ್ಲಿ, ಆಯ್ಕೆಯಾದವರಿಗೆ ತಿಂಗಳು ತಿಂಗಳು ಹಣ ಉಂಟು ಎಂದು ಬರೆದಿತ್ತು.

“ಓದುವುದಕ್ಕೆ ಅವರೇ ಸಂಬಳ ಕೊಡುವುದಾ?” ಎಂದು ಕೇಳಿದೆ.

“ಸಂಬಳ ಅಲ್ಲ ಮಾಮ, ಫೆಲೋಶಿಪ್.”

“ತಿಂಗಳು ತಿಂಗಳು ಬರ್ತದಾ?”

“ಬರ್ತದೆ.”

“ಮತ್ತೆ ಎಂತ ವ್ಯತ್ಯಾಸ ಮಾರಾಯ್ತಿ?”

ಅವಳು ಸ್ವಲ್ಪ ಯೋಚಿಸಿದಳು. “ಸಂಬಳ ಆದರೆ ಕೆಲಸ ಎಂತ ಅಂತ ಮೊದಲೇ ಗೊತ್ತಿರ್ತದೆ. ಇದರಲ್ಲಿ ಅದನ್ನು ಹುಡುಕುವುದೇ ಕೆಲಸ.”

ಕೆಲಸ ಹುಡುಕುವುದಕ್ಕೇ ಸಂಬಳ ಕೊಡುವವರು ಇದ್ದಾರೆಂದು ಗೊತ್ತಿದ್ದರೆ ನಮ್ಮ ಕಟಪಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಕೂರುವ ಅರ್ಧ ಜನ ಅರ್ಜಿ ಹಾಕುತ್ತಿದ್ದರು. ಆದರೆ ನಾನು ಹಾಗೆ ಹೇಳಲಿಲ್ಲ. ಹುಡುಗಿಯ ಮುಖದಲ್ಲಿ ಹಟ ಇತ್ತು. ಹಟ ಇದ್ದವರನ್ನು ಕಂಡರೆ ನನಗೆ ಗೌರವ.

ಇಂಟರ್‌ವ್ಯೂಗೆ ಮಣಿಪಾಲಕ್ಕೆ ನಾನೇ ಟೆಂಪೊದಲ್ಲಿ ಕರೆದುಕೊಂಡು ಹೋದೆ. ಅವಳು ಮೇಲೆ ಹೋದಳು, ನಾನು ಕೆಳಗೆ ಕಾದೆ. ಬಂದವಳ ಕೈತುಂಬ ಬೋರ್ಡಿನ ಶಾಯಿ. ಒಂದು ಲೆಕ್ಕ ಬರೆಯಲು ಹೇಳಿದರಂತೆ, ಅರ್ಧದಲ್ಲಿ ನಿಂತುಹೋಯಿತಂತೆ. “ಯೋಚಿಸಿ, ನಮಗೆ ಅರ್ಜೆಂಟ್ ಇಲ್ಲ” ಎಂದು ಹೇಳಿ ಅವರೆಲ್ಲ ಚಹಾ ಕುಡಿಯಲು ಶುರು ಮಾಡಿದರಂತೆ. ಚಹಾ ಮುಗಿಯುವಷ್ಟರಲ್ಲಿ ಇವಳಿಗೆ ದಾರಿ ಕಂಡಿತಂತೆ. ಒಂದು ವಾರದಲ್ಲಿ ಆಯ್ಕೆಯಾಗಿದ್ದಾಳೆಂದು ಮೇಲ್ ಬಂತು. ಇಂಥ ಸೋಮವಾರ ಬಂದು ಸೇರಬೇಕು, ಬಾರದಿದ್ದರೆ ಸೀಟು ಕಾಯುವವರ ಪಟ್ಟಿಯಲ್ಲಿ ಮುಂದಿನವರಿಗೆ.

ಆ ದಿನ ಕಟಪಾಡಿಯ ಒಂದು ಸಭಾಭವನದಲ್ಲಿ ಕುರ್ಚಿ ಇಳಿಸುತ್ತಿದ್ದೆ. ಯುವಕ ಸಂಘದ ಕಾರ್ಯದರ್ಶಿ ಬಂದರು. ನಾನು ಖುಷಿಯಲ್ಲಿ, “ತಂಗಿಯ ಮಗಳಿಗೆ ಪಿಎಚ್‌ಡಿ ಸಿಕ್ಕಿತು” ಎಂದೆ. ನಾನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮಲ್ಲಿ ಮೆಡಿಕಲ್ ಸೀಟು ಸಿಕ್ಕಿದ ಸಂಜೆಯೇ ಹುಡುಗ ಡಾಕ್ಟರಾಗುತ್ತಾನೆ, ನೆರೆಮನೆಯವರು ಬಿಪಿಯ ಮಾತ್ರೆ ತಂದು ತೋರಿಸುತ್ತಾರೆ. ಕಾರ್ಯದರ್ಶಿ ನನ್ನ ಕೈ ಹಿಡಿದು ಕುಲುಕಿದರು. ಅವರ ಕಣ್ಣಿನಲ್ಲಿ ನೀರಿತ್ತು. ಸಾಧಕರು ಸಿಕ್ಕಿದ್ದರು.

ಎರಡು ದಿನದಲ್ಲಿ ಕಟಪಾಡಿ ಜಂಕ್ಷನ್ನಿನಲ್ಲಿ ಹಳದಿ ಬಣ್ಣದ ದೊಡ್ಡ ಫ್ಲೆಕ್ಸು ಎದ್ದಿತು. ‘ಗಣಿತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ನಮ್ಮೂರಿನ ಹೆಮ್ಮೆಯ ಕುವರಿ’ ಎಂದು ಬರೆದು, ಕೆಳಗೆ ‘ಡಾ.’ ಎಂದು ಸೇರಿಸಿ ಹುಡುಗಿಯ ಹೆಸರು. ಶನಿವಾರ ಸಂಜೆ ಸಾರ್ವಜನಿಕ ಸನ್ಮಾನ. ಅವಳದು ಕಾಲೇಜಿನ ಐಡಿ ಕಾರ್ಡಿನ ಫೋಟೊ, ಒಂದು ಮೂಲೆಯಲ್ಲಿ. ಉಳಿದ ಜಾಗವೆಲ್ಲ ಸಂಘದ ಪದಾಧಿಕಾರಿಗಳದು, ಮತ್ತು ಅವರಿಗಿಂತ ಮೇಲೆ ಮುಖಂಡರದು. ಅಪರಿಚಿತರು ನೋಡಿದರೆ ಡಾಕ್ಟರೇಟ್ ಇವರೆಲ್ಲ ಸೇರಿ ಪಡೆದದ್ದು, ಮೂಲೆಯ ಹುಡುಗಿ ಟೈಪ್ ಮಾಡಿಕೊಟ್ಟದ್ದು ಎಂದುಕೊಳ್ಳಬೇಕು.

ಹುಡುಗಿಯ ಫೋನು ಬಂತು. “ಮಾಮ, ನಾನು ಇನ್ನೂ ಸೇರಲೇ ಇಲ್ಲ! ಸೋಮವಾರ ಸೇರುವುದು. ಮುಗಿಯುವುದಕ್ಕೆ ನಾಲ್ಕೈದು ವರ್ಷ ಬೇಕು, ಮುಗಿಯದೆಯೂ ಇರಬಹುದು. ನನ್ನ ಗೈಡ್ ದಿನಾ ಹೋಗಿ ಬರುವುದು ಆ ರಸ್ತೆಯಲ್ಲೇ. ಎಂತ ಮುಖ ಹೊತ್ತುಕೊಂಡು ಹೋಗಲಿ ನಾನು? ಅದನ್ನು ತೆಗೆಸಿ.”

ಕಾರ್ಯದರ್ಶಿಗೆ ಹೇಳಿದೆ. ಅವರಿಗೆ ಎದೆ ಒಡೆದಂತಾಯಿತು.

“ತೆಗೆಯುವುದಾ? ಮೇಲೆ ಯಾರ ಫೋಟೊ ಉಂಟು ನೋಡಿದ್ದೀರಾ? ನಾಳೆ ಅವರ ಕಡೆಯವರು ಬಂದು ಯಾಕೆ ತೆಗೆದದ್ದು ಅಂತ ಕೇಳಿದರೆ ಉತ್ತರ ನೀವು ಕೊಡ್ತೀರಾ?”

“ಅವಳು ಡಾಕ್ಟರ್ ಅಲ್ಲ ಮಾರಾಯ್ರೆ.”

“ಈಗ ಅಲ್ಲ. ಹೇಗೂ ಆಗ್ತಾಳಲ್ವಾ? ನಾವು ಸ್ವಲ್ಪ ಮೊದಲು ಹೇಳಿದ್ದು, ಅಷ್ಟೇ.”

ಕೊನೆಗೆ, ಡಾಕ್ಟರ್ ಎಂಬ ಮಾತನ್ನು ಮಾತ್ರ ಮುಚ್ಚಬಹುದು ಎಂದು ಒಪ್ಪಿದರು. ಯಾವ ಕೆಲಸಕ್ಕೂ ನಾನು ಇನ್ನೊಬ್ಬರ ದಾರಿ ಕಾಯುವವನಲ್ಲ. ಬನ್ನಂಜೆಯಲ್ಲಿ ಫ್ಲೆಕ್ಸು ಮಾಡುವ ಅಂಗಡಿಗೆ ಹೋಗಿ ಹಳದಿ ಸ್ಟಿಕ್ಕರು ಕತ್ತರಿಸಿ ತಂದೆ. ಮರುದಿನ ಮಧ್ಯಾಹ್ನ, ಜಂಕ್ಷನ್ನಿನಲ್ಲಿ ಬಸ್ಸುಗಳು ನಿಂತು ಹೊರಡುವ ಹೊತ್ತಿನಲ್ಲಿ, ನಾನೇ ಏಣಿ ಹತ್ತಿ ಎರಡು ಕಡೆ ನೀಟಾಗಿ ಅಂಟಿಸಿದೆ. ಆದರೆ ಅಂಗಡಿಯವನ ಹಳದಿಯೇ ಬೇರೆ, ಫ್ಲೆಕ್ಸಿನ ಹಳದಿಯೇ ಬೇರೆ. ಕೆಳಗೆ ಇಳಿದು ನೋಡಿದರೆ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತಿತ್ತು.

ಅಲ್ಲಿಯವರೆಗೆ ಆ ಫ್ಲೆಕ್ಸನ್ನು ಯಾರೂ ಸರಿಯಾಗಿ ಓದಿರಲಿಲ್ಲ. ಪಟ್ಟಿ ಕಟ್ಟಿದ ಮೇಲೆ ಎಲ್ಲರೂ ನಿಂತು ಓದಿದರು. ಏನಿತ್ತು, ಏನು ಮುಚ್ಚಿದರು, ಯಾಕೆ ಮುಚ್ಚಿದರು? ಈಗ ನಮ್ಮ ಜಿಲ್ಲೆಯಲ್ಲಿ ಹಣ ಕೊಟ್ಟು ಡಾಕ್ಟರೇಟ್ ತರುವವರೂ ಕಡಿಮೆ ಇಲ್ಲ. ಯಾವುದೋ ಊರಿನ ಹೋಟೆಲಿನ ಸಭಾಂಗಣಕ್ಕೆ ಹೋಗಿ, ಕರಿ ಗೌನು ಹಾಕಿ ಫೋಟೊ ತೆಗೆಸಿಕೊಂಡು, ಬಂದ ಮರುದಿನವೇ ಗೇಟಿಗೆ ಬೋರ್ಡು ಹಾಕುತ್ತಾರೆ. ಅದೆಲ್ಲ ನೆನಪಾಗಿ ಜನರಿಗೆ ವಿಷಯ ಕೂಡಲೇ ಅರ್ಥವಾಯಿತು. ಸಂಜೆ ನನ್ನ ಟೆಂಪೊದ ಪಕ್ಕದಲ್ಲೇ ಇಬ್ಬರು ರಿಕ್ಷಾದವರು ಮಾತಾಡಿಕೊಂಡರು.

“ಡಾಕ್ಟರೇಟ್ ಕ್ಯಾನ್ಸಲ್ ಆಯಿತಂತೆ ಮಾರಾಯ.”

“ಯಾಕೆ?”

“ಡೂಪ್ಲಿಕೇಟ್ ಅಂತೆ. ಮೇಲಿನವರು ಬಂದು ಹಿಡಿದದ್ದಂತೆ.”

“ನೋಡಿದರೆ ಪಾಪ ಕಾಣ್ತಾಳೆ, ಅಲ್ವಾ?”

ಹೀಗೆ ನಮ್ಮ ಹುಡುಗಿಗೆ ಸೇರುವ ಮೊದಲೇ ಡಾಕ್ಟರೇಟ್ ಸಿಕ್ಕಿ, ಸೇರುವ ಮೊದಲೇ ಅದು ರದ್ದೂ ಆಯಿತು. ಗುರುವಾರ ಕಾರ್ಕಳದ ಕಡೆಯಿಂದ ತಂಗಿಗೆ ಫೋನು. “ನಾವು ಸ್ವಲ್ಪ ಯೋಚನೆ ಮಾಡ್ತೇವೆ” ಎಂದರಂತೆ. ನಾನು ಎರ್ಮಾಳಿಗೆ ಹೋದಾಗ ತಂಗಿ ಅಂಗಳದಲ್ಲಿ ಒಣಗಲು ಹಾಕಿದ ಮೀನನ್ನು ಮಗುಚಿ ಹಾಕುತ್ತಿದ್ದಳು. ಮುಖ ಎತ್ತಲಿಲ್ಲ.

“ಸಾಕು ಅಣ್ಣ. ಅವಳು ಸೇರುವುದೇ ಬೇಡ. ಇಲ್ಲೇ ಟ್ಯೂಷನ್ ಮಾಡಿಕೊಂಡು ಇರಲಿ.”

“ಜನ ಎಂತದ್ದೋ ಹೇಳಿದರು ಅಂತ ಸಿಕ್ಕಿದ ಸೀಟು ಬಿಡುವುದಾ? ನಾನಿದ್ದೇನೆ. ಎಲ್ಲರಿಗೂ ಹೇಳಿ ಸರಿ ಮಾಡ್ತೇನೆ.”

“ನೀನು ಸರಿ ಮಾಡಿದ್ದು ಸಾಕು. ಏಣಿ ಹತ್ತಿದ್ದು ಯಾರು?”

ನಾನೂ ಬಾಗಿ ಒಂದೆರಡು ಮೀನು ಮಗುಚಿದೆ. ಹುಡುಗಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಮ್ಮನ ಒಪ್ಪಿಗೆ ಇಲ್ಲದೆ ಹೊರಡುವವಳಲ್ಲ ಅವಳು. ಅಳಲಿಲ್ಲ, ಸಿಟ್ಟು ಮಾಡಲಿಲ್ಲ. “ಮಾಮ, ಶನಿವಾರದ ಕಾರ್ಯಕ್ರಮಕ್ಕೆ ನಾನು ಬರ್ತೇನೆ. ನನಗೆ ಮೈಕು ಬೇಕು” ಎಂದಳು. ಮತ್ತೆ ತಾಯಿಯ ಕಡೆ ತಿರುಗಿ, “ಅಮ್ಮ, ನೀವೂ ಬರಬೇಕು.”

ಸಂಘದಲ್ಲಿ ಅಷ್ಟರಲ್ಲಿ ತುರ್ತು ಸಭೆ ಆಗಿತ್ತು. ಹಣ್ಣು, ಶಾಲು, ಫಲಕ ಎಲ್ಲಕ್ಕೂ ಹೇಳಿಯಾಗಿದೆ, ಹಿಂದೆ ಸರಿಯುವ ಹಾಗಿಲ್ಲ. ಅಧ್ಯಕ್ಷರು ಉಪಾಯ ಹುಡುಕಿದರು. ಚುನಾವಣೆಗೆ ಮೊದಲೇ ಭಾವೀ ಶಾಸಕ ಎಂದು ಹಾಕುವುದಿಲ್ಲವೇ? ಹಾಗೆ ಇವಳಿಗೆ ‘ಭಾವೀ ಡಾಕ್ಟರ್’ ಎಂದು ಸನ್ಮಾನ ಮಾಡುವುದು. ಎಲ್ಲರೂ ಒಪ್ಪಿದರು. ಭವಿಷ್ಯದ ಸಾಧನೆಗೂ ಸನ್ಮಾನ ಮಾಡಬಹುದು ಎಂದಾದರೆ ಇನ್ನು ಮುಂದೆ ಸಂಘಕ್ಕೆ ಜನರ ಕೊರತೆ ಬರುವುದಿಲ್ಲ ಎಂಬುದನ್ನು ಒಬ್ಬರು ಎತ್ತಿ ಹೇಳಿದರಂತೆ.

ಶನಿವಾರ ಕಾಪುವಿನ ಮೈದಾನದಲ್ಲಿ ಜನ ಸೇರಿದ್ದರು. ಸನ್ಮಾನಕ್ಕೆ ಅಷ್ಟು ಜನ ಬಂದದ್ದನ್ನು ನಾನು ಮೊದಲು ನೋಡಿರಲಿಲ್ಲ. ಡೂಪ್ಲಿಕೇಟ್ ಹೇಗಿರುತ್ತದೆಂದು ನೋಡಲು ಬಂದವರೇ ಹೆಚ್ಚು. ತಂಗಿ ಮೂರನೆಯ ಸಾಲಿನಲ್ಲಿ ಸೆರಗು ಎಳೆದು, ತಲೆ ತಗ್ಗಿಸಿ ಕೂತಿದ್ದಳು. ಹುಡುಗಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾನು ಆಂಪ್ಲಿಫೈಯರಿನ ಹತ್ತಿರ ನಿಂತು, ಅವಳ ದನಿ ಸಣ್ಣದೆಂದು ಮೈಕಿನ ಸೌಂಡು ಸ್ವಲ್ಪ ಏರಿಸಿದೆ.

“ನಾನು ಡಾಕ್ಟರ್ ಅಲ್ಲ,” ಎಂದು ಶುರು ಮಾಡಿದಳು. “ಡಾಕ್ಟರ್ ಆಗಿಯೂ ಇರಲಿಲ್ಲ, ಯಾರೂ ಕ್ಯಾನ್ಸಲ್ ಮಾಡಲೂ ಇಲ್ಲ. ಸಂಶೋಧನೆ ಮಾಡಲು ಒಂದು ಸೀಟು ಸಿಕ್ಕಿದೆ, ಅಷ್ಟೇ. ಒಂದು ಜಾಲ ಇದ್ದರೆ, ಅದರಲ್ಲಿ ಎಷ್ಟು ಎಳೆ ಕಡಿದರೆ ಅದು ಎರಡು ತುಂಡಾಗುತ್ತದೆ ಎಂದು ನೋಡುವ ಗಣಿತ. ನಾನು ತೆಗೆದುಕೊಂಡ ಪ್ರಶ್ನೆಗೆ ಉತ್ತರ ಉಂಟಾ ಇಲ್ಲವಾ ಎಂದು ಯಾರಿಗೂ ಗೊತ್ತಿಲ್ಲ. ಉತ್ತರ ಇಲ್ಲ ಎಂದು ಗೊತ್ತಾದರೆ, ಅದನ್ನೂ ಬರೆದು ತೋರಿಸಬೇಕು.”

ಜನರಿಗೆ ಒಂದು ಹಗರಣ ಬೇಕಿತ್ತು, ಸಿಕ್ಕಿದ್ದು ಮೀನಿನ ಬಲೆ. ಆಗ ಮುಂದಿನ ಸಾಲಿನಿಂದ ಒಂದು ದನಿ ಎದ್ದಿತು. ಪ್ರತಿ ಕಾರ್ಯಕ್ರಮಕ್ಕೂ ಮೊದಲು ಬಂದು ಮೊದಲ ಕುರ್ಚಿಯಲ್ಲಿ ಕೂರುವ, ಹಿಂದೆ ಮೀನು ಮಾರುತ್ತಿದ್ದ ಅಜ್ಜಿ. ಅವರಿಗೆ ಮೈಕು ಬೇಕಾಗಿಲ್ಲ.

“ಬಲೆ ಕಡಿಯುವುದು ಹೇಗೆ ಅಂತ ನೋಡುವುದಕ್ಕೆ ನಾಲ್ಕೈದು ವರ್ಷವಾ ಮಗಾ? ಅಷ್ಟು ಸಮಯ ಊಟಕ್ಕೆ ಎಂತ ಮಾಡ್ತಿ?”

“ತಿಂಗಳು ತಿಂಗಳು ಹಣ ಕೊಡ್ತಾರೆ ಅಜ್ಜಿ.”

“ಯಾರು ಕೊಡುವುದು?”

“ಸರ್ಕಾರ. ದೆಹಲಿಯಿಂದ ಬರ್ತದೆ.”

ಅಜ್ಜಿ ಇಡೀ ಸಭೆಯ ಕಡೆಗೆ ತಿರುಗಿದರು. “ಸೆಂಟ್ರಲ್ ಗವರ್ನಮೆಂಟಿನ ಕೆಲಸ! ಹಾಗೆ ಹೇಳಬಾರದಾ? ಡಾಕ್ಟರ್ ಗೀಕ್ಟರ್ ಅಂತ ಸುಮ್ಮನೆ ಎಂತದ್ದೋ ಬರೆಯುವುದು!”

ಚಪ್ಪಾಳೆ ಬಿತ್ತು ನೋಡಿ. ನನ್ನ ಶಾಮಿಯಾನದ ಕೆಳಗೆ ಅಂಥ ಚಪ್ಪಾಳೆ ಯಾವ ಮಂತ್ರಿಗೂ ಬಿದ್ದಿಲ್ಲ. “ಅಲ್ಲ ಅಜ್ಜಿ, ಅದು ಕೆಲಸ ಅಲ್ಲ, ಅದು...” ಎಂದು ಹುಡುಗಿ ಬಾಯಿ ತೆರೆದಳು. ಲೆಕ್ಕದಲ್ಲಿ ಸಣ್ಣ ತಪ್ಪು ಕಂಡರೂ ತಿದ್ದದೆ ಬಿಡುವವಳಲ್ಲ ಅವಳು. ಆದರೆ ಅಷ್ಟರಲ್ಲಿ ಅವಳ ಕಣ್ಣು ಮೂರನೆಯ ಸಾಲಿಗೆ ಹೋಯಿತು. ತಂಗಿ ತಲೆ ಎತ್ತಿದ್ದಳು. ಪಕ್ಕದವರು ಬಾಗಿ ಏನೋ ಕೇಳುತ್ತಿದ್ದರು, ಇವಳು ಬೆನ್ನು ನೆಟ್ಟಗೆ ಮಾಡಿ ಉತ್ತರ ಕೊಡುತ್ತಿದ್ದಳು. ಹುಡುಗಿ ಬಾಯಿ ಮುಚ್ಚಿ, ಎಲ್ಲರಿಗೂ ಕೈಮುಗಿದು ಕೂತಳು. ಕಾರ್ಯದರ್ಶಿ ಮೈಕು ಎಳೆದುಕೊಂಡು, ಕೇಂದ್ರ ಸರ್ಕಾರದ ಹುದ್ದೆಗೆ ಆಯ್ಕೆಯಾದ ಹೆಮ್ಮೆಯ ಕುವರಿಗೆ ಸಂಘದ ಪರವಾಗಿ ಮತ್ತೊಮ್ಮೆ ಅಭಿನಂದನೆ ಹೇಳಿದರು.

ಭಾನುವಾರ ಬೆಳಿಗ್ಗೆಯೇ ಕಾರ್ಕಳದ ಫೋನು. ಅವರು ಯೋಚನೆ ಮಾಡಿ ಮುಗಿಸಿದ್ದರು. ತಂಗಿ ಹೇಳಿದ್ದನ್ನು ನಾನು ಪಕ್ಕದಲ್ಲೇ ಕೂತು ಕೇಳಿದೆ. “ಈಗ ಎಲ್ಲಿ ಪುರುಸೊತ್ತು ಮಾರಾಯ್ರೆ? ನಾಳೆ ಡ್ಯೂಟಿಗೆ ಸೇರುವುದು. ಒಂದೆರಡು ವರ್ಷ ಹೋಗಲಿ, ಆಗ ನಾವೂ ಸ್ವಲ್ಪ ಯೋಚನೆ ಮಾಡ್ತೇವೆ.”

ಸೋಮವಾರ ಮೂವರೂ ಟೆಂಪೊದಲ್ಲಿ ಮಣಿಪಾಲಕ್ಕೆ ಹೋದೆವು. ತಂಗಿ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಹುಡುಗಿ ಹೆದರಿದ್ದ ಗೈಡ್ ಮೆಟ್ಟಿಲಲ್ಲೇ ಸಿಕ್ಕಿದರು. ಸಣ್ಣ ದೇಹದ ಒಬ್ಬ ಹೆಂಗಸು, ಕೈಯಲ್ಲಿ ಚಹಾದ ಲೋಟ.

“ಕಟಪಾಡಿಯಲ್ಲಿ ನೋಡಿದೆ,” ಎಂದು ನಕ್ಕರು. “ಇಷ್ಟು ಬೇಗ ಮುಗಿಸಿದವರು ನಮ್ಮ ವಿಭಾಗದಲ್ಲಿ ಇನ್ನೊಬ್ಬರಿಲ್ಲ. ಬನ್ನಿ, ಈಗ ಶುರು ಮಾಡುವ.”

ಸೇರುವ ಕಾಗದಕ್ಕೆ ಸಹಿ ಹಾಕಲು ಆಫೀಸಿಗೆ ಹೋದೆವು. ಅಲ್ಲಿಯ ಗುಮಾಸ್ತ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದ, “ಫೆಲೋಶಿಪ್ಪಿನ ಹಣ ಕೂಡಲೇ ಬರುವುದಿಲ್ಲ, ಗೊತ್ತುಂಟಲ್ಲ? ದೆಹಲಿಯಿಂದ ಬಿಡುಗಡೆ ಆಗಬೇಕು. ಕೆಲವು ತಿಂಗಳು ಕಾಯಬೇಕಾಗ್ತದೆ. ಮೊನ್ನೆ ವಿಚಾರಿಸಿದರೆ ಫೈಲು ಎಲ್ಲಿ ಉಂಟು ಅಂತ ಅವರಿಗೇ ಗೊತ್ತಿಲ್ಲ.”

ಹುಡುಗಿಯ ಮುಖ ಸಣ್ಣದಾಯಿತು. ಅಲ್ಲಿಯವರೆಗೆ ಬಂದು, ಸಹಿಗೆ ಮೊದಲು ತಂಗಿ ಮಗಳ ಕೈ ಹಿಡಿದು ಹಿಂದೆ ಎಳೆದರೆ ಏನು ಹೇಳಲಿ ಎಂದು ಮಾತು ಹುಡುಕುತ್ತಿದ್ದೆ.

ತಂಗಿ ಗುಮಾಸ್ತನ ಮೇಜಿನ ಹತ್ತಿರ ಬಾಗಿದಳು. “ಫೈಲು ಎಲ್ಲಿ ಉಂಟು ಅಂತ ಅವರಿಗೇ ಗೊತ್ತಿಲ್ಲವಾ?”

“ಇಲ್ಲ ಅಮ್ಮ.”

ಅವಳ ಮುಖ ಅರಳಿತು. ನನ್ನ ಕಡೆ ತಿರುಗಿ ಮೆಲ್ಲನೆ ಹೇಳಿದಳು, “ನನಗೆ ಮನಸ್ಸಿನಲ್ಲಿ ಒಂದು ಸಂಶಯ ಇತ್ತು ಅಣ್ಣ. ಈಗ ಇಲ್ಲ. ಇದು ಸರ್ಕಾರದ್ದೇ.”

ಗುಮಾಸ್ತ ಆಗ ತಲೆ ಎತ್ತಿ ನೋಡಿದ. ಆ ಸುದ್ದಿಗೆ ಸಂತೋಷಪಟ್ಟವರು ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ತಂಗಿ ಅವನ ಜೇಬಿನ ಪೆನ್ನನ್ನು ಕೇಳಿ ತೆಗೆದುಕೊಂಡು ಮಗಳ ಕೈಗೆ ಕೊಟ್ಟಳು.