ನೆಲ ಮುಗಿಯುವ ಕಡೆಗೆ ಕಾಕಾ ಒಯ್ದ ಫ್ರಿಜ್

ವರ್ಷಗಟ್ಟಲೆ ಬಸ್ಸು ಓಡಿಸುತ್ತ ಎಡಗನ್ನಡಿ ನೋಡಿ ನೋಡಿ ಕಾಕಾನ ಕುತ್ತಿಗೆ ಎಡಕ್ಕೆ ವಾಲಿಬಿಟ್ಟಿತ್ತು. ಎದುರಿಗೆ ನಿಂತು ಮಾತಾಡುವಾಗಲೂ ತಲೆ ಓರೆಯಾಗಿಯೇ ಇರುತ್ತಿತ್ತು. ಯಾರೋ ಹಿಂದಿನಿಂದ ಓಡಿಬರುತ್ತಿದ್ದಾರೆ, ಹತ್ತಿಕೊಳ್ಳಲಿ, ಒಂದು ಗಳಿಗೆ ಕಾಯೋಣ ಎನ್ನುವಂತೆ.

ಲಂಡನ್ನಿನ ವೆಂಬ್ಲಿಯ ಈಲಿಂಗ್ ರೋಡಿನ ಒಂದು ಔಷಧಿ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್ ಆಗಿದ್ದೆ. ನನ್ನದು ಮೈಸೂರು, ಅವರದು ವಿಜಯಪುರದ ಕಡೆ. ಕನ್ನಡ ಬರುತ್ತದೆಂದು ಗೊತ್ತಾದ ದಿನವೇ ಅವರು ನನ್ನನ್ನು ‘ಯವ್ವಾ’ ಎಂದರು, ನಾನು ಅವರನ್ನು ಕಾಕಾ ಎಂದೆ. ಅವರ ಹೆಂಡತಿ ಕಾಕುಗೆ ಹಳೆಯ ಸಕ್ಕರೆ ಕಾಯಿಲೆ. ಇನ್ಸುಲಿನ್ ಒಯ್ಯಲು ಕಾಕಾ ತಾವೇ ಬರುತ್ತಿದ್ದರು. ಬರುವಾಗ ಜಾಮ್ ಬಾಟಲಿಯಲ್ಲಿ ಶೇಂಗಾ ಹಿಂಡಿ ತಂದು ಕೌಂಟರಿನ ಮೇಲಿಡುತ್ತಿದ್ದರು. ನಾನು ಕೊಟ್ಟ ಇನ್ಸುಲಿನ್ ಸೀಸೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡುತ್ತಿದ್ದರು. ಹಿಂದೆ ಸಾಲು ಬೆಳೆಯುತ್ತಿದ್ದರೂ ಅವರಿಗೆ ಪರಿವೆ ಇರುತ್ತಿರಲಿಲ್ಲ.

ಆ ನೋಟದ ಹಿಂದೆ ಏನಿತ್ತೆಂದು ಅವರೇ ಒಮ್ಮೆ ಹೇಳಿದರು. ಸಂಬಂಧಿಕರ ಮನೆಯ ಮದುವೆಗೆಂದು ದೂರದ ಊರಿಗೆ ಹೋಗಿದ್ದಾಗ, ಇನ್ಸುಲಿನ್ ಕೆಡಬಾರದೆಂದು ಸೀಸೆಯನ್ನು ಐಸಿನ ಡಬ್ಬಿಯಲ್ಲಿ ಐಸಿಗೆ ತಾಗಿಸಿ ಇಟ್ಟವರು ಅವರೇ. ಅದು ಹೆಪ್ಪುಗಟ್ಟಿ, ಕರಗಿ, ಸತ್ವ ಕಳೆದುಕೊಂಡಿತ್ತು. ಕಾಕು ಅದನ್ನೇ ಚುಚ್ಚಿಕೊಂಡರು. ಮದುವೆ ಮನೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಆಂಬುಲೆನ್ಸು, ಆಸ್ಪತ್ರೆ, ಬದುಕಿದ್ದೇ ಹೆಚ್ಚು.

“ನನ್ನ ಕೈಯಾರೆ ಇಟ್ಟಿದ್ನೆವಾ,” ಎಂದರು. “ಆಕಿ ಏನೂ ಅನ್ನಲಿಲ್ಲ. ಅಂದಿದ್ರ ಛಲೋ ಇತ್ತು.”

ಅಂದಿನಿಂದ ಅವರು ಕಾಕುವನ್ನು ಒಂದು ರಾತ್ರಿಯೂ ಮನೆಯಿಂದ ಹೊರಗೆ ಉಳಿಯಗೊಡಲಿಲ್ಲ.

ತೊಂಬತ್ತರ ದಶಕದ ನಡುವೆ ಕಾಕುವಿನ ಕಣ್ಣು ಕೆಡತೊಡಗಿತು. ಕಣ್ಣಿನ ಹಿಂಭಾಗದಲ್ಲಿ ರಕ್ತ ಒಸರುತ್ತಿತ್ತು. ಲೇಸರ್ ಮಾಡಿದರು. ಎಷ್ಟು ದಿನ ಉಳಿಯುತ್ತದೋ ಹೇಳಲಾಗದು ಎಂದರು ಡಾಕ್ಟರು. ಹೀಥ್ರೋ ವಿಮಾನ ನಿಲ್ದಾಣದ ಹತ್ತಿರದ ಅಡುಗೆ ಕಾರ್ಖಾನೆಯಲ್ಲಿ ವಿಮಾನದ ಊಟದ ಟ್ರೇಗಳನ್ನು ತುಂಬಿಸುತ್ತ ಇಡೀ ಆಯುಷ್ಯ ಕಳೆದ ಹೆಂಗಸು ಆಕೆ. ಅವರು ಕೇಳಿದ್ದು ಒಂದೇ ಒಂದು.

“ಇಷ್ಟು ವರ್ಷ ಈ ದೇಶದಾಗ ಇದ್ದೀವಿ. ಇದರ ಅಂಚು ಎಲ್ಲೈತ್ರಿ? ನೆಲ ಮುಗದು ಬರೇ ನೀರು ಸುರು ಆಗ್ತೈತಲ್ಲ, ಅಲ್ಲಿ ನಿಂತು ಒಮ್ಮಿ ನೋಡಬೇಕು.”

ಕಾಕಾ ಮರುವಾರವೇ ಒಂದು ಕ್ಯಾರವಾನ್ ತಂದು ಮನೆ ಮುಂದೆ ನಿಲ್ಲಿಸಿದರು. ತಮ್ಮ ಜೊತೆ ಬಸ್ಸು ಓಡಿಸುತ್ತಿದ್ದವನ ಹಿತ್ತಲಲ್ಲಿ ಬಿದ್ದಿದ್ದ ಅರವತ್ತರ ದಶಕದ ಹಳೆಯ ಗಾಡಿ ಅದು. ಮೊಟ್ಟೆಯಂತೆ ದುಂಡಗೆ, ಒಳಗೆಲ್ಲ ಜೇನುಬಣ್ಣದ ಪ್ಲೈವುಡ್ ಕಪಾಟು. ಕಾರಿನ ಹಿಂದೆ ಕಟ್ಟಿಕೊಂಡರೆ ಮನೆಯೇ ಜೊತೆಗೆ ಬರುತ್ತದೆ. ಕಾಕುವಿನ ಜೋಳದ ಹಿಟ್ಟು, ಹಾಸಿಗೆ, ಔಷಧಿ ಎಲ್ಲವೂ. ಆದರೆ ಅದರಲ್ಲಿ ಫ್ರಿಜ್ ಇರಲಿಲ್ಲ.

“ಕಾಕಾ, ಬಳಸ್ತಿರೋ ಸೀಸೇನ ಕೆಲವು ವಾರ ಹೊರಗೇ ಇಡಬಹುದು. ಮಿಕ್ಕಿದ್ದಕ್ಕೆ ಮಾತ್ರ ಫ್ರಿಜ್ ಬೇಕು,” ಎಂದೆ.

“ಮನ್ಯಾಗ ಇಡಬಹುದವಾ. ಬಿಸಿಲಾಗ ನಿಂತ ತಗಡಿನ ಡಬ್ಬಿಯೊಳಗ? ನೀ ಬರದು ಕೊಡ್ತಿಯೇನು, ಏನೂ ಆಗೂದಿಲ್ಲ ಅಂತ?”

ಆ ಬೇಸಿಗೆ ಲಂಡನ್ನಿನ ರಸ್ತೆಯ ಡಾಂಬರು ಮೆತ್ತಗಾಗುವಷ್ಟು ಬಿಸಿಲಿತ್ತು. ಅಂಥ ಮಾತು ಯಾರು ಬರೆದುಕೊಟ್ಟಾರು?

ಮನೆಯ ಫ್ರಿಜ್ಜು ಆ ಸಣ್ಣ ಬಾಗಿಲಲ್ಲಿ ತೂರುತ್ತಿರಲಿಲ್ಲ, ದಾರಿಯಲ್ಲಿ ಅದಕ್ಕೆ ಕರೆಂಟೂ ಇಲ್ಲ. ಕಾಕಾ ಕ್ಯಾರವಾನ್ ಸಾಮಾನು ಮಾರುವ ಕಡೆಗೆಲ್ಲ ಅಲೆದು ಗ್ಯಾಸಿನಿಂದ ನಡೆಯುವ ಒಂದು ಹಳೆಯ ಫ್ರಿಜ್ ತಂದರು. ಅದರ ಬೆನ್ನಿನ ಬಿಸಿ ಹೊರಗೆ ಹೋಗಲು ಗಾಡಿಯ ಗೋಡೆಗೆ ಮೇಲೊಂದು ಕೆಳಗೊಂದು ಕಿಂಡಿ ಕೊರೆಯಬೇಕು. ಒಂದು ಭಾನುವಾರ ನಾನು ಹೋದಾಗ ಅವರು ಗರಗಸ ಹಿಡಿದು ಕೂತಿದ್ದರು. ಅಷ್ಟು ಚಂದದ ಕಪಾಟನ್ನು ಕೊಯ್ಯಲು ಮನಸ್ಸು ಬರುತ್ತಿರಲಿಲ್ಲ. ಒಳಗಿನಿಂದ ಕಾಕು ಏನನ್ನೋ ಎಡವಿ ಬೀಳಿಸಿದ ಸದ್ದು ಕೇಳಿತು. ಕಾಕಾ ಗರಗಸ ಹಚ್ಚಿಯೇಬಿಟ್ಟರು. ಗೆರೆ ಬಿಟ್ಟು ಎಲ್ಲೆಲ್ಲೋ ಹೋಯಿತು, ತಗಡು ಕುಯ್ದು ಅಂಗೈಯಲ್ಲಿ ರಕ್ತ ಬಂತು. ನಿಲ್ಲಿಸಲಿಲ್ಲ.

ಫ್ರಿಜ್ ಕೂತಿತು, ಆದರೆ ತಣ್ಣಗಾಗಲಿಲ್ಲ. ಅಂಥವು ಸಮನಾಗಿ ನಿಂತರಷ್ಟೇ ಕೆಲಸ ಮಾಡುತ್ತವಂತೆ. ಅವರ ಮನೆ ಮುಂದಿನ ಜಾಗವೋ ರಸ್ತೆಯ ಕಡೆಗೆ ಇಳಿಜಾರು. ಒಂದು ಕಡೆಯ ಗಾಲಿಗೆ ಹಲಗೆ ಕೊಟ್ಟು ಎತ್ತರಿಸಿದರು. ಆಮೇಲೆ ಪರೀಕ್ಷೆಗೆಂದು ಒಂದು ಗ್ಲಾಸು ನೀರು ಇಟ್ಟರು.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗಲೇ ಕಾಕಾ ಅಲ್ಲಿದ್ದರು. ಕೈಯಲ್ಲಿ ಆ ಗ್ಲಾಸು. ಮನೆಯಿಂದ ಅದನ್ನು ಹಿಡಿದುಕೊಂಡೇ ನಡೆದು ಬಂದಿದ್ದರು. ಅಂಗಿಯ ತೋಳು ಒದ್ದೆಯಾಗಿತ್ತು.

“ಐಸ್ ಕಟ್ಟಿತ್ತವಾ. ಮ್ಯಾಲೆ ಕೆನಿ ಕಟ್ಟಿದಂಗ. ನೋಡು.”

ನೋಡಿದೆ. ಬರೀ ನೀರಿತ್ತು.

“ಇತ್ತವಾ. ಖರೇನ ಇತ್ತು. ದಾರ್ಯಾಗ ಕರಗೇತಿ.”

ಅವರ ಕೈಯಿಂದ ಗ್ಲಾಸು ತೆಗೆದುಕೊಂಡು ಕೆಳಗಿಟ್ಟೆ. “ನಂಬ್ತೀನಿ ಕಾಕಾ,” ಎಂದೆ. ಅವರು ಕುರ್ಚಿಯಲ್ಲಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಕುತ್ತಿಗೆ ಆಗಲೂ ಓರೆಯಾಗಿಯೇ ಇತ್ತು. “ಬಿಸಿ ಆದ್ರೂ ಸಾಯ್ತೈತಿ, ಭಾಳ ತಣ್ಣಗಾದ್ರೂ ಸಾಯ್ತೈತಿ. ನಾ ಏನ್ ಮಾಡ್ಲಿ? ಆಕಿ ಕಣ್ಣು ನನಗಾಗಿ ಕಾಯೂದಿಲ್ಲ.”

ಆ ವಾರವೇ ಕಾಕುವಿನ ಬಲಗಣ್ಣು ಪೂರ್ತಿ ಹೋಯಿತು, ಎಡಗಣ್ಣೂ ಮಸುಕಾಗುತ್ತಿತ್ತು.

ಗ್ಯಾಸ್ ಫ್ರಿಜ್ಜನ್ನು ಕಿತ್ತು ಹೊರಗಿಟ್ಟರು. ಬ್ಯಾಟರಿಯಿಂದ ನಡೆಯುವ, ಮನೆಯ ಫ್ರಿಜ್ಜಿನಂತೆ ಗುಂಯ್‌ಗುಡುವ ಸಣ್ಣದೊಂದನ್ನು ತಂದರು. ಕೊರೆದ ಕಿಂಡಿಗಳಲ್ಲಿ ಒಂದನ್ನು ಬಿಸ್ಕತ್ತಿನ ಡಬ್ಬದ ತಗಡಿನಿಂದ ಮುಚ್ಚಿದರು. ಒಳಗೆ ಥರ್ಮಾಮೀಟರ್ ಇಟ್ಟು ಗಳಿಗೆಗೊಮ್ಮೆ ಬಾಗಿಲು ತೆಗೆದು ನೋಡುತ್ತಿದ್ದರು. “ಹಂಗ ತಗದ್ರ ಒಳಗಿನ ಥಂಡಿ ಎಲ್ಲಾ ಹೊರಗ ಹೋಗ್ತೈತ್ರೀ, ಸುಮ್ಮನ ಬಿಡ್ರಿ ಅದನ್ನ,” ಎಂದು ಕಾಕು ಗದರುತ್ತಿದ್ದರು. ಮುಳ್ಳು ಐದು ಡಿಗ್ರಿಯಲ್ಲೇ ನಿಂತಿತು. ಕಾಕಾ ನಕ್ಕದ್ದನ್ನು ಬಹಳ ದಿನಗಳ ಮೇಲೆ ನೋಡಿದೆ. ಆಗಸ್ಟಿನಲ್ಲಿ ಹೊರಟರು.

ಕೆಲವು ದಿನ ಕಳೆದು ಮಧ್ಯಾಹ್ನ ಅಂಗಡಿಯ ಫೋನು ರಿಂಗಾಯಿತು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲಿನ ಯಾವುದೋ ಹಳ್ಳಿಯ ಫೋನ್ ಬೂತಿನಿಂದ ಕಾಕಾ. ಮಾತಿಗಿಂತ ಉಸಿರೇ ಹೆಚ್ಚು ಕೇಳುತ್ತಿತ್ತು.

“ಸತ್ತೈತವಾ ಅದು. ರಸ್ತೆದಾಗ ಕುಲುಕಿ ಕುಲುಕಿ ಏನ್ ಆತೋ, ಸದ್ದ ಇಲ್ಲ. ಒಳಗೆಲ್ಲಾ ಬೆಚ್ಚಗಾಗೈತಿ. ನಾ ಈಗ್ಲೇ ತಿರುಗಸ್ತೀನಿ. ವೆಂಬ್ಲಿಗೆ ಬರೂತನಕ ಆಕಿಗೆ ಏನೂ ಆಗೂದಿಲ್ಲಲ್ಲ? ಹೇಳವಾ!”

ನಾನು ಬಾಯಿ ತೆರೆಯುವ ಮೊದಲೇ ಅಲ್ಲಿ ಜಗ್ಗಾಟ ಕೇಳಿತು. ರಿಸೀವರ್ ಕಾಕುವಿನ ಕೈಗೆ ಬಂದಿತ್ತು.

“ಇವರಿಗೆ ನೀನರ ಹೇಳವಾ. ಗಾಡಿ ತಿರುಗಿಸಿದ್ರ ನಾ ಇಲ್ಲೇ ಇಳದು ನಡಕೋತ ಹೋಗ್ತೀನಿ. ಸಮುದ್ರದ ವಾಸನಿ ಬರಾಕತ್ತೈತಿ.”

ಫೋನು ಕಾಕಾನಿಗೆ ಕೊಡಿ ಎಂದೆ. “ಸೀಸೇನ ಒದ್ದೆ ಬಟ್ಟೇಲಿ ಸುತ್ತಿ ನೆರಳಲ್ಲಿಡಿ. ಬಟ್ಟೆ ಒಣಗೋಕೆ ಬಿಡಬೇಡಿ. ದಿನಾ ಸಕ್ಕರೆ ನೋಡಿ. ಏರಿದರೆ ಅಲ್ಲೇ ಯಾವುದಾದರೂ ಔಷಧಿ ಅಂಗಡಿಗೆ ಹೋಗಿ ನನಗೆ ಫೋನ್ ಮಾಡಿಸಿ, ಬೇರೆ ಕೊಡಿಸ್ತೀನಿ. ಮುಂದೆ ಹೋಗಿ ಕಾಕಾ.”

“ನೀ ಹೇಳ್ತಿಯೇನು?”

“ನಾನೇ ಹೇಳ್ತಿದೀನಿ.”

ಆಮೇಲೆ ಅವರು ಮರಳಿ ಬರುವವರೆಗೆ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಬಂದರು. ಕಾಕುವಿಗೆ ಏನೂ ಆಗಿರಲಿಲ್ಲ. ಮುಖ ಬಿಸಿಲಿಗೆ ಕಪ್ಪಾಗಿತ್ತು. “ನೋಡಿದೆವಾ, ನೆಲ ಮುಗಿಯೂದನ್ನ ನೋಡಿದೆ,” ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು. ಕಾಕಾ ಔಷಧಿಯ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದರು. ಮರುದಿನ ಒಬ್ಬರೇ ಬಂದರು.

“ನಾವು ಅಲ್ಲಿ ಮುಟ್ಟಿದ ದಿನ ದಟ್ಟ ಮಂಜು ಇತ್ತವಾ. ನನ್ನ ಕಾಲ ಮುಂದಿನ ಕಲ್ಲು ನನಗ ಕಾಣತಿರಲಿಲ್ಲ. ಆಕಿ ಬಂಡಿಗಲ್ಲಿನ ಮ್ಯಾಲೆ ನಿಂತು, ‘ಎಷ್ಟ ದೊಡ್ಡದೈತ್ರೀ ಸಮುದ್ರ’ ಅಂದ್ಲು.”

ನಾನು ಕುರ್ಚಿ ಸರಿಸಿಕೊಟ್ಟೆ, ಅವರು ಕೂರಲಿಲ್ಲ.

“ಅಲ್ಲೇ ಉಳದ್ವಿ. ಮರುದಿನ ಬಿಸಿಲು ಬಿತ್ತು. ನೀರು ಕಣ್ಣು ಕುಕ್ಕೂವಂಗ ಹೊಳೀತಿತ್ತು. ಮತ್ತ ಕರಕೊಂಡು ಹೋದೆ. ಆಕಿ, ‘ನಿನ್ನೇನೂ ಹಿಂಗ ಇತ್ತಲ್ಲ’ ಅಂದ್ಲು.” ಕೌಂಟರಿನ ಅಂಚನ್ನು ಹಿಡಿದುಕೊಂಡರು. “ನಾ ಹೂಂ ಅಂದೆ.”

ಆ ಕ್ಯಾರವಾನ್ ಮತ್ತೆ ಹೊರಡಲಿಲ್ಲ. ಮುಂದಿನ ವರ್ಷಗಳಲ್ಲಿ ಅಡುಗೆ, ಸೂಜಿ, ಸ್ನಾನ, ಕಾಕುವಿನ ಜಡೆ ಎಲ್ಲವೂ ಕಾಕಾನದಾಯಿತು. ಜೋಳದ ರೊಟ್ಟಿ ಬಡಿಯಲು ಕಲಿತರು. ಅದರಲ್ಲಿ ತೂತು ಬಿದ್ದಿದ್ದರೆ ಹೇಳುವುದಿಲ್ಲ, ಹೇಗೂ ಕಾಕುವಿಗೆ ಕಾಣುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದರು. ನಾನು ಲಂಡನ್ನಿನ ಇನ್ನೊಂದು ಬಡಾವಣೆ ಪಿನ್ನರ್‌ಗೆ ಮನೆ ಬದಲಿಸಿದ ಮೇಲೂ ವಾರಕ್ಕೊಮ್ಮೆ ಹೋಗುತ್ತಿದ್ದೆ. ಕಾಯಿಲೆಯವರಿಗೆ ಇದನ್ನು ಮಾಡಬೇಡಿ, ಅದನ್ನು ಮುಟ್ಟಬೇಡಿ ಎನ್ನುವುದಷ್ಟೇ ನನಗೆ ಬರುತ್ತಿತ್ತು. ‘ಮುಂದೆ ಹೋಗಿ’ ಎಂದು ಹೇಳಿ ಅದರ ಹೊಣೆ ಹೊರುವುದನ್ನು ಕಲಿಸಿದವರು ಕಾಕಾ.

ಎರಡು ಸಾವಿರನೇ ಇಸವಿಯ ನಂತರದ ಒಂದು ವಸಂತದಲ್ಲಿ, ಮಾರ್ಕೆಟ್ಟಿನಿಂದ ಬಂದು ಚೀಲ ಇಳಿಸುವಾಗಲೇ ಕಾಕಾ ಹೋಗಿಬಿಟ್ಟರು. ಹೃದಯಾಘಾತ. ಆಂಬುಲೆನ್ಸ್ ಬರುವಷ್ಟೂ ಹೊತ್ತಿರಲಿಲ್ಲ.

ದಹನದ ದಿನ, ಶವಪೆಟ್ಟಿಗೆ ಮುಚ್ಚುವ ಮೊದಲು ಕಾಕು ನನ್ನ ತೋಳು ಹಿಡಿದು ಹತ್ತಿರ ಹೋದರು.

“ಮಖ ಹೆಂಗೈತವಾ?”

“ಮಲಗಿರೋ ಹಾಗಿದೆ ಕಾಕು.”

“ಎಲ್ಲಾರೂ ಹಂಗ ಅಂತಾರ. ಮಲಗಿದಾಗೂ ಅವರು ಹುಬ್ಬು ಗಂಟು ಹಾಕ್ಕೊಂಡ ಇರ್ತಿದ್ರು. ಕೈ ಹಚ್ಚಿ ನೋಡೀನಿ ನಾ. ನೆಟ್ಟಗ ನೋಡಿ ಹೇಳು.”

ನೋಡಿದೆ.

“ಗಂಟು ಇಲ್ಲ ಕಾಕು. ಒಂದು ಗೆರೆಯೂ ಇಲ್ಲ.”

ಆಕೆ ಕೈಚಾಚಿ ತಡಕಿದರು. ಹಣೆ ಸಿಕ್ಕಿತು. ಹುಬ್ಬುಗಳ ನಡುವೆ ಹೆಬ್ಬೆರಳಿಟ್ಟು, ನಿಧಾನವಾಗಿ ಆಚೆ ಈಚೆ ಸವರಿದರು. ಮುಚ್ಚುವವರು ಕಾಯುತ್ತ ನಿಂತಿದ್ದರು. ಕಾಕು ಬಹಳ ಹೊತ್ತು ಬೆರಳು ತೆಗೆಯಲಿಲ್ಲ.