ಗುಂಡಿಗೆ ಹಚ್ಚಿದ ಜೇನುಮೇಣ

ಆಗಿನ್ನೂ ನಮ್ಮ ಹೊಲಗಳಿಗೆ ತಂತಿಬೇಲಿ ಬಂದಿರಲಿಲ್ಲ. ಬೆಳೆ ಉಳಿಯಬೇಕೆಂದರೆ ಮನೆಯವರು ಯಾರಾದರೂ ಹೊಲದಲ್ಲಿ ಮಲಗಬೇಕಿತ್ತು, ಅಷ್ಟೇ. ಮೇಡ್ಲೇರಿಯಿಂದ ಸ್ವಲ್ಪ ಈಚೆ, ನೀಲಗಿರಿ ನೆಡುತೋಪು ಮುಗಿದು ಕುರುಚಲು ಅಡವಿ ಶುರುವಾಗುವ ಕಡೆ ಹೊಲವಿದ್ದವರ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋವಿನಜೋಳ ತೆನೆಗಟ್ಟಿತೆಂದರೆ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಾಗುತ್ತಿತ್ತು. ನಮ್ಮ ಮನೆಯಲ್ಲಿ ಅದು ಅಜ್ಜನದು.

ನನಗೀಗ ಐವತ್ತು ಹತ್ತಿರ ಬಂತು. ಹಾವೇರಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿ ಹೇಳಿ ಗಂಟಲು ದಣಿದಿದೆ. ಸಂಜೆ ಮನೆಗೆ ಬಂದು ಕುರ್ಚಿಯಲ್ಲಿ ಕುಳಿತರೆ ದೀಪ ಹಚ್ಚಲಿಕ್ಕೂ ಏಳಬೇಕೆನಿಸುವುದಿಲ್ಲ. ಅಂಥ ಹೊತ್ತಿನಲ್ಲಿ, ಬೇಡವೆಂದರೂ, ನಾನು ಆರನೆಯ ತರಗತಿಯಲ್ಲಿದ್ದಾಗಿನ ಆ ಮಳೆಗಾಲದ ಕೊನೆ ಬಂದು ಎದುರಿಗೆ ಕೂರುತ್ತದೆ.

ಅಜ್ಜನ ಹತ್ತಿರ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಒಂದು ಹಳೆಯ ಬಂದೂಕಿತ್ತು. ಕೊಳವೆಯ ಬಾಯಿಂದ ಮದ್ದು ಹಾಕಿ ಅದರ ಮೇಲೆ ಸೀಸದ ಗುಂಡು ಇಳಿಸುವಂಥದ್ದು. ಗುಂಡುಗಳನ್ನು ಅಜ್ಜ ಹಿತ್ತಲಿನ ಬೇವಿನ ಮರದ ಕೆಳಗೆ ತಾನೇ ಎರಕ ಹೊಯ್ಯುತ್ತಿದ್ದ. ಹೊಳೆಯಲ್ಲಿ ಮೀನು ಹಿಡಿಯುವವರು ಹರಿದ ಬಲೆ ಬಿಸಾಡುವಾಗ ಅಂಚಿಗೆ ಪೋಣಿಸಿದ ಸೀಸದ ಮಣಿಗಳನ್ನು ಬಿಚ್ಚಿ ಅವನಿಗೆ ಕೊಡುತ್ತಿದ್ದರು. ಹತ್ತಿಕಟ್ಟಿಗೆಯ ಉರಿಯ ಮೇಲೆ ಕಬ್ಬಿಣದ ಸೌಟಿನಲ್ಲಿ ಆ ಮಣಿಗಳು ಬಹಳ ಹೊತ್ತು ಹಟ ಹಿಡಿದು, ಆಮೇಲೆ ಒಮ್ಮೆಲೇ ಕುಸಿದು ನೀರಾಗುತ್ತಿದ್ದವು. ಮೇಲೆ ಬೂದುಬಣ್ಣದ ಕೆನೆ ಕಟ್ಟುತ್ತಿತ್ತು. ಅದನ್ನು ಸರಿಸಿದರೆ ಕೆಳಗೆ ಕನ್ನಡಿಯಂಥ ಹೊಳಪು. ಹೊಗೆ ಬಾರದ ಕಡೆ ದೂರದಲ್ಲಿ ನನ್ನನ್ನು ಕೂರಿಸಿ, ಅಲ್ಲಿಂದ ಅಲುಗಬಾರದೆಂದು ಅಜ್ಜ ತಾಕೀತು ಮಾಡುತ್ತಿದ್ದ. ತಣ್ಣಗಾದ ಮೇಲೆ ಗುಂಡುಗಳನ್ನು ಎಣಿಸುವ ಕೆಲಸ ನನ್ನದು. ಆಮೇಲೆ ಅಜ್ಜಿ ನನ್ನ ಕೈಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆಸಿ, ಆಮೇಲೇ ರೊಟ್ಟಿ ಮುಟ್ಟಲು ಬಿಡುತ್ತಿದ್ದಳು.

ಆ ಬಂದೂಕಿನಿಂದ ನನಗೆ ತಿಳಿದ ಮಟ್ಟಿಗೆ ಒಂದು ಮೊಲವೂ ಸತ್ತಿರಲಿಲ್ಲ. ಗುಂಡಿಗೆ ಹಳೆಯ ಧೋತರದ ಚೂರು ಸುತ್ತಿ, ಶೇಂಗಾ ಎಣ್ಣೆ ಸವರಿ ಹಾಕುತ್ತಿದ್ದ. ಅದು ಹೋಗುವ ದಿಕ್ಕು ದೇವರಿಗೇ ಗೊತ್ತು. ಸದ್ದು ಮಾತ್ರ ಊರಿಗೆ ಕೇಳುವಂತೆ ಬರುತ್ತಿತ್ತು, ಹಂದಿಗಳು ಓಡುತ್ತಿದ್ದವು. ಅಜ್ಜನಿಗೆ ಅಷ್ಟೇ ಬೇಕಿತ್ತು.

ಆ ವರ್ಷ ಹಂದಿಗಳಿಗೂ ಸದ್ದು ರೂಢಿಯಾಯಿತು. ಬಂದೂಕು ಹಾರಿದರೆ ತಲೆ ಎತ್ತಿ ನೋಡಿ ಮತ್ತೆ ತೆನೆ ಮುರಿಯತೊಡಗಿದವು. ನಮ್ಮ ಹೊಲದ ಮಗ್ಗುಲಿನ ಫಕ್ಕೀರಪ್ಪನ ಗೋವಿನಜೋಳ ಒಂದೇ ವಾರದಲ್ಲಿ ಅರ್ಧ ನೆಲಕ್ಕೆ ಬಿತ್ತು. ಕಟ್ಟೆಯ ಮೇಲೆ ಕುಳಿತು ಅವನು ಅಜ್ಜನ ಬಂದೂಕಿಗೆ, ಬಸಪ್ಪಣ್ಣನ ಪಟಾಕಿ ದೀಪಾವಳಿಗೆ ಇಡಿರೆಂದು ನಗೆಯಾಡಿದನಂತೆ. ಅಜ್ಜ ಮನೆಗೆ ಬಂದು ಆ ಮಾತನ್ನು ಎರಡು ಸಲ ಹೇಳಿದ. ಯಾವ ಮಾತನ್ನೂ ಅವನು ಎರಡು ಸಲ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಗಣಪತಿ ಹಬ್ಬಕ್ಕೆ ಕದರಮಂಡಲಗಿಯಿಂದ ಅಜ್ಜಿಯ ತಮ್ಮ ಬಂದ. ಮಿಲಿಟರಿಯಲ್ಲಿದ್ದು ಬಂದವನಾದ್ದರಿಂದ ನಮಗೆಲ್ಲ ಅವನು ಹವಾಲ್ದಾರಜ್ಜ. ಬಂದೂಕಿನ ಕೊಳವೆಯನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಅಜ್ಜನಿಗೆ ಹೇಳಿದ:

“ಮಾವಾ, ಒಳಗೆಲ್ಲಾ ಸೀಸ ಮೆತ್ತಕೊಂಡೈತಿ. ಗುಂಡು ಉಜ್ಜಿಕೋಂತ ಹೊಂಟ್ರ ಹಿಂಗ ಆಗೂದು. ಅದಕ್ಕ ಜಿಡ್ಡು ಬೇಕು. ಬಿಸಲಿಗೆ ಹರೀಬಾರದು, ಚಳಿಗೆ ಒಡೀಬಾರದು, ಅಂಥಾ ಜಿಡ್ಡು.”

ಕುರಿಯ ಚರಬಿಯೇ ಒಳ್ಳೆಯದೆಂದು ಅವನ ಸಲಹೆ. ಅಜ್ಜಿ ಒಳಗಿನಿಂದಲೇ ಕೇಳಿಸಿಕೊಂಡಳು. ಲಿಂಗ ಕಟ್ಟಿದ ಮನೆಯಲ್ಲಿ ಚರಬಿ ಕರಗಿದರೆ ತಾನು ತಮ್ಮನ ಸಂಗಡವೇ ಬಸ್ಸು ಹತ್ತುತ್ತೇನೆಂದಳು. ಅಜ್ಜ ನನ್ನ ಕಡೆ ತಿರುಗಿ, ನಿನ್ನ ವಿಜ್ಞಾನದ ಪುಸ್ತಕದಾಗ ಏನರ ಐತೇನು ನೋಡವ್ವಾ ಎಂದ. ಪುಸ್ತಕದಲ್ಲಿ ಏನೂ ಇರಲಿಲ್ಲ. ಆದರೆ ನನ್ನನ್ನು ಕೇಳಿದ ಎಂಬುದೇ ನನಗೆ ಸಾಕಾಗಿತ್ತು.

ಹಾಗೆ ನಮ್ಮ ಭಾನುವಾರಗಳು ಶುರುವಾದವು. ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಖಾರ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದೆವು. ಮಣ್ಣಿನ ಒಡ್ಡಿಗೆ ಒಂದು ತಗಡಿನ ಡಬ್ಬಿ ಒರಗಿಸಿ ಅಜ್ಜ ಗುರಿಯಿಡುತ್ತಿದ್ದ. ಒಂದು ವಾರಕ್ಕೆ ಒಂದೇ ಜಿಡ್ಡು ನೋಡುವುದೆಂದು ಕರಾರು. ಗೆಳತಿಯರು ಕುಂಟಾಬಿಲ್ಲೆಗೆ ಕರೆಯಲು ಬಂದರೆ ನಾನು ದೊಡ್ಡವಳಂತೆ ಕೆಲಸವಿದೆ ಎನ್ನುತ್ತಿದ್ದೆ. ಎತ್ತಿನ ಗಾಡಿಗೆ ಹಾಕುವ ಕೀಲೆಣ್ಣೆ ಹಚ್ಚಿ ನೋಡಿದೆವು. ಕರಿ ಹೊಗೆ ಬಂದು, ಅಜ್ಜನ ಮೀಸೆ ಎರಡು ದಿನ ಗಾಡಿಯ ಗಾಲಿಯಂತೆ ನಾರಿತು. ಮೇಣಬತ್ತಿ ಕರಗಿಸಿ ಅದ್ದಿದರೆ ಆರಿದ ಮೇಲೆ ಬಿರುಕುಬಿಟ್ಟು ಹಕ್ಕಳೆಯಾಗಿ ಉದುರಿತು. ತುಪ್ಪ ಹಚ್ಚೋಣವೆಂದು ನಾನು ಗಿಂಡಿಗೆ ಕೈ ಹಾಕಿದ್ದು ಅಜ್ಜಿಯ ಕಣ್ಣಿಗೆ ಬಿದ್ದು, ಅವತ್ತು ಇಬ್ಬರಿಗೂ ಬೈಗುಳ. ಪ್ರತಿಯೊಂದನ್ನೂ ನಾನು ವಿಜ್ಞಾನದ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ಪ್ರತಿಯೊಂದರ ಮುಂದೆಯೂ ‘ಆಗಲಿಲ್ಲ’ ಎಂದು ಬರೆಯುವಾಗ ಅಜ್ಜ ಇಣುಕಿ ನೋಡಿ, ದುಂಡಗೆ ಬರಿ ಎನ್ನುತ್ತಿದ್ದ.

ಜೇನುಮೇಣ ಕಂಡುಹಿಡಿದವಳು ನಾನು. ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಅಜ್ಜನ ಚಪ್ಪಲಿಗೆ ಹೊಲಿಗೆ ಹಾಕಿಸುತ್ತಿದ್ದೆವು. ಚಪ್ಪಲಿ ಹೊಲಿಯುವವನು ದಾರವನ್ನು ಕಂದು ಬಣ್ಣದ ಒಂದು ಉಂಡೆಯ ಮೇಲೆ ಎಳೆದೆಳೆದು ನುಣುಪು ಮಾಡುತ್ತಿದ್ದ. ಬಿಸಿಲಲ್ಲಿ ಇಡೀ ದಿನ ಇದ್ದರೂ ಆ ಉಂಡೆ ಕರಗಿರಲಿಲ್ಲ. ಅದೇನೆಂದು ನಾನು ಕೇಳಿದೆ, ಜೇನುಮೇಣ ಎಂದ. ಅವನು ಶಾಲೆಯ ಹುಡುಗಿ ಏನೋ ಕಲಿಯಲು ಕೇಳುತ್ತಿದ್ದಾಳೆಂದು ಒಂದು ತುಣುಕು ಮುರಿದು ಕೈಗಿಟ್ಟ. ಮನೆಗೆ ಬಂದು ಅದನ್ನು ಔಡಲ ಎಣ್ಣೆಯ ಜೊತೆ ಕರಗಿಸಿದೆವು. ಹಿತ್ತಲೆಲ್ಲ ಸುಟ್ಟ ಜೇನಿನ ವಾಸನೆ. ಅದ್ದಿ ತೆಗೆದ ಗುಂಡುಗಳು ಬೆಲ್ಲದ ಸಣ್ಣ ಉಂಡೆಗಳಂತೆ ಹಲಗೆಯ ಮೇಲೆ ಆರಿದವು.

ಆ ಭಾನುವಾರ ಗುಂಡು ಡಬ್ಬಿಯ ನಟ್ಟನಡುವೆ ಹೊಕ್ಕಿತು. ಅಜ್ಜ ನಂಬದೆ ಮತ್ತೊಂದು ಹಾರಿಸಿದ. ಅದೂ ಬೆರಳಗಲದಲ್ಲಿ ಪಕ್ಕಕ್ಕೆ ಬಿತ್ತು. ಡಬ್ಬಿಯನ್ನು ಎತ್ತಿ, ತೂತಿಗೆ ಕಣ್ಣಿಟ್ಟು, ಅದರೊಳಗಿಂದ ನನ್ನನ್ನು ನೋಡಿ ನಕ್ಕ. ಹಲ್ಲಿಲ್ಲದ ಬಾಯಿ ಪೂರಾ ತೆರೆದು ನಕ್ಕ. ನನ್ನ ಜೀವಮಾನದಲ್ಲಿ ನಾನು ಮಾಡಿದ ಎಷ್ಟೋ ಪ್ರಯೋಗಗಳು ಸರಿಯಾಗಿವೆ. ಅವುಗಳಲ್ಲಿ ಯಾವುದಕ್ಕೂ ಅಷ್ಟು ಸಂತೋಷಪಟ್ಟ ಮುಖ ನಾನು ಮತ್ತೆ ನೋಡಲಿಲ್ಲ.

ಅಲ್ಲಿಂದ ಅಜ್ಜ ಬದಲಾದ. ಸಂಜೆ ಕಟ್ಟೆಗೆ ಹೋಗಿ ಡಬ್ಬಿಯ ಸುದ್ದಿ ಹೇಳಿದ. ಬಂದೂಕನ್ನು ದಿನಾ ಒರೆಸತೊಡಗಿದ. ಊಟಕ್ಕೆ ಕುಳಿತಾಗಲೂ ಅವನ ಕಣ್ಣು ಅದು ಒರಗಿದ್ದ ಮೂಲೆಯ ಕಡೆ ಹೋಗುತ್ತಿತ್ತು. ಅಜ್ಜಿ ಒಮ್ಮೆ, ಮೊದಲಿನಂತೆ ಸದ್ದು ಮಾಡಿ ಬಂದರೆ ಸಾಲದೇ ಎಂದು ಕೇಳಿದಳು. ಅವನು ಎದ್ದು ಬಂದೂಕು ಒರೆಸುವ ಬಟ್ಟೆ ಹುಡುಕಿದ.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ನಾನು ಅಜ್ಜನಿಗೆ ಚಹಾ ತೆಗೆದುಕೊಂಡು ಹೊಲಕ್ಕೆ ಹೋದೆ. ಆಗಷ್ಟೇ ಬೆಳಕು ಹರಿಯುತ್ತಿತ್ತು. ಇಬ್ಬನಿ ಎಷ್ಟು ದಟ್ಟವಿತ್ತೆಂದರೆ ನಮ್ಮ ಶೇಂಗಾ ಮುಗಿದು ಗೋವಿನಜೋಳ ಶುರುವಾಗುವ ಜಾಗ ಕಾಣುತ್ತಿರಲಿಲ್ಲ. ಗುಡಿಸಲ ಮುಂದೆ ಅಜ್ಜ ಆಗಲೇ ಮೊಣಕಾಲೂರಿ ಕುಳಿತಿದ್ದ. ನನಗೆ ಸುಮ್ಮನಿರೆಂದು ಕೈ ಮಾಡಿದ. ಅಂಚಿನಲ್ಲಿ ಏನೋ ಅಲುಗಿತು. ಬಂದೂಕು ಹಾರಿತು. ಅಲುಗಾಟ ನಿಂತುಹೋಯಿತು.

ಇಬ್ಬರೂ ಓಡಿದೆವು. ಬಿದ್ದದ್ದು ಹಂದಿಯಲ್ಲ, ಚಿಗರಿ, ಕೃಷ್ಣಮೃಗ. ಕೋಡು ಆಗಷ್ಟೇ ತಿರುಚಿಕೊಳ್ಳತೊಡಗಿದ್ದ ಗಂಡು ಮರಿ. ಬಾಯಲ್ಲಿ ಇನ್ನೂ ಶೇಂಗಾದ ಎಲೆಯಿತ್ತು. ಕಣ್ಣು ತೆರೆದೇ ಇತ್ತು. ಕುತ್ತಿಗೆಯ ಕೆಳಗೆ ತೂತು ಸಣ್ಣದು, ಬಹಳ ಅಚ್ಚುಕಟ್ಟಾಗಿತ್ತು. ನಮ್ಮ ಕಡೆ ಚಿಗರಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಕಾಯಿದೆಗೆ ಅಂಜುವುದು ಬೇರೆ, ಅದನ್ನು ನೋಡಿದರೆ ಮುಟ್ಟಲು ಮನಸ್ಸೇ ಬರುತ್ತಿರಲಿಲ್ಲ. ಅಜ್ಜ ಬಂದೂಕನ್ನು ಕೆಳಗಿಟ್ಟು ಅದರ ಪಕ್ಕದಲ್ಲಿ ಕುಳಿತುಬಿಟ್ಟ. ನನ್ನ ಕೈಯ ಚಹಾ ಯಾವಾಗ ಚೆಲ್ಲಿತೋ ಗೊತ್ತಿಲ್ಲ.

ಸದ್ದಿಗೆ ಫಕ್ಕೀರಪ್ಪ ಬಂದ. ನೋಡಿದವನೇ ಸಲಿಕೆ ತರುತ್ತೇನೆಂದ, ಇಲ್ಲೇ ಹುಗಿದುಬಿಡೋಣ, ನಾನಂತೂ ಬಾಯಿ ಬಿಡುವುದಿಲ್ಲ ಎಂದ. ಅವನು ಮನಸಾರೆ ಹೇಳಿದ್ದ. ಅಜ್ಜ ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು ಅರಣ್ಯ ಇಲಾಖೆಯವರಿಗೆ ತಿಳಿಸಲು ತಾನೇ ನಡೆದುಹೋದ.

ಮಧ್ಯಾಹ್ನದ ಹೊತ್ತಿಗೆ ಗಾರ್ಡು ಮತ್ತು ಒಬ್ಬ ಸಾಹೇಬರು ಬಂದರು. ಅಜ್ಜನ ಬಂದೂಕಿನ ಖ್ಯಾತಿ ಗಾರ್ಡಿಗೂ ಗೊತ್ತಿತ್ತು.

“ಅಜ್ಜಾರ, ಇಷ್ಟು ವರ್ಷ ಒಂದ ಹಂದೀನೂ ಹೊಡದಿಲ್ಲ ನೀವು. ಇದೊಂದು ಹೆಂಗ ತಾಗಿತ್ರಿ?”

ನಾನು ಅಜ್ಜನ ಹಿಂದೆಯೇ ನಿಂತಿದ್ದೆ. ಮೇಣ ಎಂಬ ಮಾತು ನನ್ನ ಗಂಟಲಲ್ಲೇ ಇತ್ತು. ಅಜ್ಜ ತಿರುಗಿ ನೋಡದೆ, ಸಾಹೇಬರಿಗೆ ಕುಡಿಯಲು ನೀರು ತಾರೆಂದು ನನ್ನನ್ನು ಕಳಿಸಿದ. ನಾನು ಹೋದೆ. ಬೇಕೆಂದೇ ನಿಧಾನವಾಗಿ ಹೋದೆ. ತಂಬಿಗೆ ಹಿಡಿದು ಬರುವಷ್ಟರಲ್ಲಿ ಅವರು ಅಜ್ಜನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

ಅಂದೇ ಬಂದೂಕು ಹೋಯಿತು. ಅಜ್ಜನನ್ನು ಕರೆದೊಯ್ದು ಮೂರನೆಯ ದಿನ ಬಿಟ್ಟರು. ಆಮೇಲೆ ರಾಣೇಬೆನ್ನೂರಿನ ಕೋರ್ಟಿನ ತಾರೀಖುಗಳು. ಒಗೆದ ಅಂಗಿ ಹಾಕಿಕೊಂಡು ಮುಂಜಾನೆಯ ಬಸ್ಸಿಗೆ ಹೋಗುವುದು, ಇಡೀ ದಿನ ಮರದ ಕೆಳಗೆ ಕೂರುವುದು, ಮುಂದಿನ ತಾರೀಖು ಕೇಳಿಕೊಂಡು ಸಂಜೆಯ ಬಸ್ಸಿಗೆ ಬರುವುದು. ಬಂದವನು ಕಾಲು ತೊಳೆದು ಮಲಗುತ್ತಿದ್ದ. ಅಜ್ಜಿ ಕಾಲು ಒತ್ತುತ್ತಿದ್ದಳು. ನಾಲ್ಕು ವರ್ಷ ಹೀಗೆ ನಡೆಯಿತು. ನನ್ನನ್ನು ಅವನು ಒಂದು ದಿನವೂ ಬೈಯಲಿಲ್ಲ. ಹೊಲಕ್ಕೆ ಹೋಗುವಾಗ ಕರೆಯುವುದನ್ನು ಮಾತ್ರ ಬಿಟ್ಟ. ಮೊದಮೊದಲು ನಾನೇ ಹಿಂದೆ ಹೋಗುತ್ತಿದ್ದೆ. ಅವನು ತನ್ನಷ್ಟಕ್ಕೆ ಕೆಲಸ ಮಾಡುತ್ತಿದ್ದ, ನಾನು ಬದುವಿನ ಮೇಲೆ ಕುಳಿತಿರುತ್ತಿದ್ದೆ. ಕ್ರಮೇಣ ನಾನೂ ಬಿಟ್ಟೆ.

ನಾನು ಹತ್ತನೆಯ ತರಗತಿಗೆ ಬರುವಾಗ ಕೇಸು ಮುಗಿಯಿತು. ಅಜ್ಜನ ವಯಸ್ಸು ನೋಡಿ, ತಾನಾಗಿಯೇ ಬಂದು ತಿಳಿಸಿದ್ದನ್ನು ನೋಡಿ ಬಿಟ್ಟುಬಿಟ್ಟರು. ಅಂದು ಅಪ್ಪನಿಗೆ ಜ್ವರವಿದ್ದುದರಿಂದ ಅಜ್ಜನ ಜೊತೆಗೆ ನಾನು ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಕ್ಕಿ ಕೊಂಡು ಕಲ್ಲುಬೆಂಚಿನ ಮೇಲೆ ಕುಳಿತೆವು. ಅವನು ತಿನ್ನಲಿಲ್ಲ. ಬಸ್ಸು ಬರುವುದು ತಡವಿತ್ತು. ನಾನು ನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದನ್ನು ಹೇಳಿದೆ.

“ಅಜ್ಜಾ, ಆ ಮೇಣ ನಾ ತರದಿದ್ರ ಹಿಂಗ ಆಗ್ತಿರಲಿಲ್ಲ.”

ಅವನು ಮಂಡಕ್ಕಿಯ ಪೊಟ್ಟಣ ಮಡಚಿ ನನ್ನ ಕೈಗೆ ಕೊಟ್ಟ.

“ಅದು ಮೇಣದ ತಪ್ಪಲ್ಲವ್ವಾ. ಬಂದೂಕು ನೆಟ್ಟಗ ಹೊಡೀತೈತಿ ಅಂತ ಗೊತ್ತಾದ ಮ್ಯಾಲ ನನಗ ಹೊಡೀಬೇಕಂತ ಆಸೆ ಆತು. ಇಬ್ಬನಿ ಸರೀತನಕ ತಡದಿದ್ರ ಏನಂತ ಕಾಣತಿತ್ತು. ನಾ ತಡೀಲಿಲ್ಲ.” ಬಸ್ಸು ಬರುವ ದಾರಿ ನೋಡುತ್ತ ಅಂದ, “ನಿನ್ನ ಮಾರಿ ನೋಡಿದ್ರ ಅದ ನೆನಪ ಆಗತೈತಿ. ಅದಕ್ಕ ಕರೀಲಿಲ್ಲ. ನೀ ಬ್ಯಾರೆ ತಿಳಕೋಬ್ಯಾಡ.”

ಬಸ್ಸು ಬಂತು. ಸೀಟು ಸಿಗಲಿಲ್ಲ. ಊರಿನ ತನಕ ಇಬ್ಬರೂ ಒಂದೇ ಕಂಬ ಹಿಡಿದು ನಿಂತು ಬಂದೆವು.

ಆ ಮಾತಿನಿಂದ ನಾನು ಹಗುರಾಗಬೇಕಿತ್ತು. ಆಗಲಿಲ್ಲ. ಮುಂದಿನ ವರ್ಷ ನಾನು ಕಾಲೇಜಿಗೆಂದು ಹಾವೇರಿಯ ಹಾಸ್ಟೆಲಿಗೆ ಬಂದೆ, ಎರಡು ವರ್ಷಕ್ಕೆ ಅಜ್ಜ ತೀರಿಕೊಂಡ. ಈಗ ಆ ಹೊಲಕ್ಕೆ ಸೋಲಾರ್ ಬೇಲಿಯಿದೆ. ಹೊಲ ನೋಡಿಕೊಳ್ಳುವ ನನ್ನ ತಮ್ಮ ರಾತ್ರಿ ಮನೆಯಲ್ಲೇ ಮಲಗುತ್ತಾನೆ, ಬೆಳೆ ಉಳಿಯುತ್ತದೆ, ಚಿಗರಿಗಳು ತಂತಿಯ ಆಚೆಗೇ ನಿಂತು ಹೋಗುತ್ತವೆ. ಎಲ್ಲ ಸರಿಯಾಗಿದೆ, ಯಾರನ್ನೂ ದೂರುವಂತಿಲ್ಲ. ಆದರೆ ಒಬ್ಬ ಮುದುಕ ಹನ್ನೊಂದು ವರ್ಷದ ಹುಡುಗಿಯನ್ನು ತನ್ನ ಸಮಕ್ಕೆ ಕೂರಿಸಿಕೊಂಡು, ಇದು ಆಗಲಿಲ್ಲ, ಮುಂದಿನ ವಾರ ಏನು ನೋಡೋಣ ಎಂದು ಕೇಳಿದ ಐದಾರು ಭಾನುವಾರಗಳಿದ್ದವು. ಅಜ್ಜ ಅವುಗಳನ್ನು ಮರೆಯಲೆಂದು ನನ್ನನ್ನೂ ದೂರವಿಟ್ಟ. ನಾನು ಇಷ್ಟು ವರ್ಷ ದುಡಿದು ದಣಿದದ್ದು ಅಂಥ ಇನ್ನೊಂದು ಭಾನುವಾರಕ್ಕಾಗಿಯೇ ಏನೋ. ಅದು ಬರಲಿಲ್ಲ.