ಸತ್ತವರಿಗೆ ಬರೇ ನಂಬರ್

“ಏನು ಬರೆದೈತೆ ಅಂತ ಕೇಳಿ ರುಜು ಹಾಕ್ರಿ.” ಆಸ್ಪತ್ರೆಯವರು ನನ್ನ ಮುಂದೆ ಇಂಗ್ಲಿಷ್ ಕಾಗದ ಹಿಡಿದಿದ್ದರು; ಆಪರೇಷನ್ನಿಗೆ ಒಳಗೆ ಹೋಗುವಾಗ ನನ್ನ ಹೆಂಡತಿ ಗಂಗಮ್ಮ ಹೇಳಿದ ಕೊನೆ ಮಾತು ಅದು. ಅವತ್ತಿನಿಂದ ಯಾವ ಕಾಗದವನ್ನೂ ನಾನು ನಂಬುವುದಿಲ್ಲ.

ಎಂಬತ್ತನೇ ಇಸವಿಯ ಆಸುಪಾಸು. ನಾನು ಹೊನ್ನಾಳಿ ತಾಲ್ಲೂಕು ಕಚೇರಿಯಲ್ಲಿ ಜವಾನ. ಮತದಾರರ ಪಟ್ಟಿಯ ತಿದ್ದುಪಡಿ ಹಾಳೆಯನ್ನು ನಾನು ನ್ಯಾಮತಿಯ ಕಚೇರಿಗೆ ಒಯ್ದು ಕೊಟ್ಟರೆ, ಅಲ್ಲಿಯ ಗುಮಾಸ್ತರು ತಮ್ಮ ಪ್ರತಿ ತಿದ್ದಿಕೊಳ್ಳುತ್ತಿದ್ದರು. ಹೊಸಬರ ಹೆಸರು, ಮನೆ, ವಯಸ್ಸು ಎಲ್ಲ ಅದರಲ್ಲಿ ಇರುತ್ತಿತ್ತು. ಸತ್ತವರಿಗೆ ಬರೇ ನಂಬರ್. ನಮ್ಮ ಮನೆ ನ್ಯಾಮತಿಯಲ್ಲೇ ಇದ್ದದ್ದರಿಂದ ಆ ಸಲ ಗಂಗಮ್ಮನ ನಂಬರೂ ಇತ್ತು, ತೊಂಬತ್ತೊಂದು.

ಆ ನಂಬರ್ ಹೊಡೆದು ಹಾಕಲು ಗುಮಾಸ್ತರು ಕೆಂಪು ಪೆನ್ನು ತೆಗೆದರು. ನಾನು ಬಗ್ಗಿ ನೋಡಿದೆ. ಅವರ ಪ್ರತಿಯಲ್ಲಿ ತೊಂಬತ್ತೊಂದು ಅಂದರೆ ಮಂಡಕ್ಕಿ ಹುರಿಯುವ ಹನುಮಕ್ಕ.

“ತಡೀರಿ ಸ್ವಾಮಿ, ಈಯಮ್ಮ ಜೀವಂತ ಅದಾಳೆ. ಈಗಷ್ಟೇ ಅವಳತ್ರ ಮಂಡಕ್ಕಿ ತಿಂದು ಬಂದೀನಿ.”

“ನಂಬರ್ ಸರಿ ಐತಲ್ಲಯ್ಯ. ನಿಮ್ಮ ಕಚೇರಿಗಿಂತ ನಿನ್ನ ಹೊಟ್ಟಿಗೆ ಜಾಸ್ತಿ ಗೊತ್ತೇನು?”

“ನಿಮ್ಮ ಪ್ರತಿ ಹಳೇದು. ನಮ್ಮದರಾಗೆ ನಡುವೆ ಹೆಸರು ಸೇರಿ ನಂಬರ್ ಸರಿದಾವೆ. ಸತ್ತೋರ ಹೆಸರೂ ಬರೆದಿದ್ರೆ ನಿಮಗೇ ತಿಳೀತಿತ್ತು.”

ಅವರು ಪೆನ್ನು ಕೆಳಗಿಡಲಿಲ್ಲ. ನಾನು ಹನುಮಕ್ಕನ ಹೆಸರಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಕೊನೆಗೆ ಬೈದು ಹಾಳೆ ವಾಪಸ್ ಕೊಟ್ಟರು.

ಮಾರನೇ ದಿನ ಬೆಳಿಗ್ಗೆ ನಮ್ಮ ಕಚೇರಿಯ ಪಟ್ಟಿ ಇಟ್ಟುಕೊಂಡು, ಆ ಹಾಳೆಯಲ್ಲಿ ಸತ್ತವರ ನಂಬರಿನ ಮುಂದೆಲ್ಲ ಹೆಸರು ಬರೆಯುತ್ತಾ ಕೂತೆ. ನನ್ನ ಅಕ್ಷರ ದಪ್ಪ, ಕೈ ನಿಧಾನ. “ಹೊಡೆದು ಹಾಕೋ ಹೆಸರಿಗೆ ಇಷ್ಟು ಹೊತ್ತು ಯಾಕಪ್ಪಾ?” ಅಂದರು ನಮ್ಮ ಗುಮಾಸ್ತರು. ಮೊದಲು ಬರೆದದ್ದು ತೊಂಬತ್ತೊಂದರ ಮುಂದೆ. ಮದುವೆಯಾದಾಗಿನಿಂದ ಗಂಗಮ್ಮನ ಹೆಸರನ್ನು ನಾನು ಬರೆದದ್ದು ಅದೇ ಮೊದಲು.